ಅಣ್ಣ ಬರೆದ ದೂರು

ಸಂಜಯನಗರದ ನಮ್ಮ ಮನೆಯ ಅಟ್ಟ ಖಾಲಿ ಮಾಡುವಾಗ ಹಳೆಯ ಕಂಪ್ಯೂಟರ್ ಸಿಕ್ಕಿತು. ಗುಜರಿಗೆ ಹಾಕುವ ಮುಂಚೆ ಒಮ್ಮೆ ನೋಡೋಣವೆಂದು ವೈರು ಸಿಕ್ಕಿಸಿದೆ. ಕಾದ ಧೂಳಿನ ವಾಸನೆ ಬಂತು, ಪರದೆ ಬೆಳಗಿ ಮತ್ತೆ ಕಪ್ಪಾಯಿತು, ಬಲಗಡೆಯ ಮೂಲೆಯಲ್ಲಿ ಅದೇ ಹಳೆಯ ಎಚ್ಚರಿಕೆ: ಈ ಸಾಫ್ಟ್‌ವೇರ್ ಅಸಲಿಯಲ್ಲ. ಇಷ್ಟು ವರ್ಷ ಅಟ್ಟದಲ್ಲಿ ಕೂತಿದ್ದರೂ ಅದು ಹಟ ಬಿಟ್ಟಿರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದಿರಬಹುದು, ಯಾರಿಗೂ ಹೇಳಿಕೊಂಡಿರಲಾರಿರಿ. ಆಗೆಲ್ಲ ಕಂಪ್ಯೂಟರ್ ಜೋಡಿಸಿ ಕೊಡುವವನು, ತರಕಾರಿಯವನು ಕೊಸರಿಗೆ ಕೊತ್ತಂಬರಿ ಹಾಕುವಂತೆ ಸಾಫ್ಟ್‌ವೇರನ್ನೂ ಸುಮ್ಮನೆ ಹಾಕಿಕೊಡುತ್ತಿದ್ದ. ನಾನೂ ಕೇಳಲಿಲ್ಲ. ತೊಂದರೆಯೆಂದರೆ ನಮ್ಮ ತಂದೆ, ಅವರನ್ನು ನಾವು ಅಣ್ಣ ಎಂದೇ ಕರೆಯುವುದು, ತೂಕ-ಅಳತೆಯ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಯಶವಂತಪುರದ ಮಂಡಿಯಲ್ಲಿ ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿ ಒತ್ತಿ, ಮುದ್ರೆಯಿಲ್ಲದ ವಸ್ತು ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಮನೆಗೆ ತಂದ ಅಕ್ಕಿಯನ್ನೂ ಇನ್ನೊಮ್ಮೆ ತೂಗುತ್ತಿದ್ದರು.

"ಇದು ಒರಿಜಿನಲ್ ತಾನೇ?" ಎಂದು ಮೊದಲ ದಿನವೇ ಕೇಳಿದ್ದರು.

"ಹೂಂ ಅಣ್ಣ, ದುಡ್ಡು ಕೊಟ್ಟೇ ತಗೊಂಡಿದ್ದು" ಎಂದಿದ್ದೆ.

ಕೆಲವು ತಿಂಗಳಿಗೆ ಎಚ್ಚರಿಕೆ ಕಾಣಿಸಿಕೊಂಡಿತು. ಅಣ್ಣ ಕನ್ನಡಕ ಏರಿಸಿ ಓದಿದರು. "ಏನೋ ಇದು, ನಕಲಿ ಅಂತಿದೆ?"

"ಅದಕ್ಕೇನೋ ತಲೆ ಕೆಟ್ಟಿದೆ ಅಣ್ಣ, ಬಿಡಿ" ಎಂದೆ.

ಅಮ್ಮನಿಗೆ ನೆಂಟರು ಏನಂದುಕೊಳ್ಳುತ್ತಾರೋ ಎಂಬ ಚಿಂತೆ. ಕನ್ನಡಿಗೆ ಅಂಟಿಸಿಟ್ಟಿದ್ದ ಹಣೆಯ ಸ್ಟಿಕ್ಕರ್‌ಗಳಲ್ಲಿ ನಾಲ್ಕನ್ನು ಕಿತ್ತು ಆ ಸಾಲಿನ ಮೇಲೆ ಒತ್ತಿದಳು. ಪರದೆಗೆ ಮುತ್ತೈದೆಯ ಕಳೆ ಬಂತು. ನನಗೂ ನಿರಾಳವಾಯಿತು.

ಅಣ್ಣ ಮಾತ್ರ ಬಿಡಲಿಲ್ಲ. ಎರಡು ದಿನ ಕೂತು, ಒಂದೇ ಬೆರಳಿನಲ್ಲಿ ಕುಟ್ಟಿ, ಕಂಪನಿಗೆ ಒಂದು ದೂರು ಟೈಪ್ ಮಾಡಿದರು. "ಇದನ್ನ ಇಮೇಲ್ ಮಾಡಪ್ಪ" ಎಂದರು. ನಾನು ಓದುವ ಗೋಜಿಗೂ ಹೋಗದೆ, ಸಂಜೆ "ಕಳಿಸಿದೆ" ಎಂದೆ. ಕೆಲವು ದಿನ "ಉತ್ತರ ಬಂತಾ?" ಎಂದು ವಿಚಾರಿಸಿದರು. ಆಮೇಲೆ ಅದನ್ನೂ ಬಿಟ್ಟರು.

ಇವತ್ತು ಅದೇ ಕಂಪ್ಯೂಟರಿನಲ್ಲಿ ಆ ದೂರನ್ನು ಹುಡುಕಿ ತೆರೆದೆ. "ಸದರಿ ಸಾಫ್ಟ್‌ವೇರನ್ನು ಹಣ ಕೊಟ್ಟು ಕೊಂಡಿರುವುದಾಗಿ ನನ್ನ ಮಗ ನನ್ನೆದುರು ಹೇಳಿರುತ್ತಾನೆ. ಜೀವಮಾನವೆಲ್ಲ ಸುಳ್ಳು ತೂಕ ಹಿಡಿದವನು ನಾನು. ನನ್ನ ಮಗನ ಮಾತಿಗೆ ನಾನೇ ಜಾಮೀನು. ತಾವು ತಮ್ಮ ಯಂತ್ರವನ್ನು ಪರೀಕ್ಷಿಸತಕ್ಕದ್ದು." ಕೆಳಗೆ ಹೆಸರು, ಅದರ ಕೆಳಗೆ ನಿವೃತ್ತಿಯಾದ ಹುದ್ದೆ. ನನಗೆ ನಾಚಿಕೆಯಾಯಿತು. ನಾಚಿಕೆಪಡಲೂ ಇಷ್ಟು ತಡ ಮಾಡಿದ್ದೆನಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಅಣ್ಣ ಹಾಲ್‌ನಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹೋಗಿ ಹೇಳಿಬಿಟ್ಟೆ: "ಅಣ್ಣ, ಆ ಸಾಫ್ಟ್‌ವೇರ್ ನಕಲೀನೇ ಆಗಿತ್ತು. ನಿಮ್ಮ ದೂರು ನಾನು ಕಳಿಸ್ಲೇ ಇಲ್ಲ."

ಅವರು ತಲೆಯೆತ್ತಲಿಲ್ಲ. "ಗೊತ್ತಿತ್ತು ಕಣೋ."

"ಮತ್ತೆ ಜಾಮೀನು ಅಂತೆಲ್ಲ ಯಾಕೆ ಬರೆದ್ರಿ?"

"ಕೇಸ್ ಹಾಕೋ ಮುಂಚೆ ಒಂದು ನೋಟಿಸ್ ಕೊಡೋದು ನಮ್ಮ ಪದ್ಧತಿ. ಅದು ಕಂಪನಿಗಲ್ಲ ಕಣಪ್ಪ, ನಿನಗೆ. ಕಳಿಸೋವಾಗ ಓದ್ತೀಯ ಅಂದ್ಕೊಂಡಿದ್ದೆ." ಈಗ ತಲೆಯೆತ್ತಿದರು. "ಓದಿದ್ದಿದ್ರೆ ನೀನು ಅವತ್ತೇ ಬಂದು ಹೇಳ್ತಿದ್ದೆ, ಅಲ್ವಾ?"

ಹೌದು ಎನ್ನುವುದು ಸುಲಭವಾಗಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಗೊತ್ತಿಲ್ಲ ಅಣ್ಣ" ಎಂದೆ.