ಚುಕ್ಕಾಣಿಯ ಸೊನ್ನೆ

ನನ್ನ ಊರು ಅರಸೀಕೆರೆ. ಹೆಸರಿನಲ್ಲೇ ಕೆರೆಯಿದ್ದರೂ ನನಗೆ ಈಜು ಬರುವುದಿಲ್ಲ. ಬಕೆಟ್ಟಿಗಿಂತ ಆಳವಾದ ನೀರು ಕಂಡರೆ ಎದೆ ಡವಡವ ಅನ್ನುತ್ತದೆ. ಇಂಥವನು ಒಂದು ಭಾನುವಾರ ಹಳೇಬೀಡಿನ ಕೆರೆಯಲ್ಲಿ, ದೋಣಿಯ ಹಿಂಬದಿಯಲ್ಲಿ ಬೋರಲು ಮಲಗಿ ಸ್ಕ್ರೂ ತಿರುಗಿಸುತ್ತಿದ್ದೆ ಎಂದರೆ ನನ್ನ ಹೆಂಡತಿ ಈಗಲೂ ನಂಬುವುದಿಲ್ಲ.

ಕಾರಣ ನಮ್ಮ ಭಾವ, ಸರೋಜಕ್ಕನ ಯಜಮಾನರು. ಮಂಗಳೂರಿನಲ್ಲಿ ಹಡಗುಗಳ ಕರೆಂಟಿನ ಕೆಲಸ ಮಾಡಿ, ನಿವೃತ್ತರಾಗಿ ಹಳೇಬೀಡಿನಲ್ಲಿ ನೆಲೆಸಿದವರು. ಬರುವಾಗ ಒಂದು ಪುಟ್ಟ ಮೋಟಾರು ದೋಣಿಯನ್ನೂ ಲಾರಿಯಲ್ಲಿ ಹೇರಿಕೊಂಡು ಬಂದರು. ಸಂಜೆ ಅದರಲ್ಲಿ ಕೆರೆ ಸುತ್ತದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಲಕ್ವ ಹೊಡೆದು ಬಲಗೈ ಸೋತಿತು. ಎಡಗೈ ಎಂಜಿನ್ನಿಗೇ ಬೇಕು, ಚುಕ್ಕಾಣಿ ಹಿಡಿಯುವವರಿಲ್ಲ. ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಇನ್ಮೇಲೆ ನೀರಿಗಿಳಿಯೋದು ಬೇಡ. ದೋಣಿ ಯಾರಿಗಾದ್ರೂ ಕೊಟ್ಬಿಡಿ." ಭಾವ ಸಂಜೆಯಾದರೆ ದಡದಲ್ಲಿ ಕೂತು, ಕಟ್ಟಿಹಾಕಿದ ದೋಣಿಯನ್ನೇ ನೋಡತೊಡಗಿದರು.

ಆಗ ಮಂಗಳೂರಿನ ಗೆಳೆಯರೊಬ್ಬರು ಹಳೆಯ ಆಟೋಪೈಲಟ್ ಒಂದನ್ನು ಕಳಿಸಿದರು. ಕೈ ಬಿಟ್ಟರೂ ಚುಕ್ಕಾಣಿಯನ್ನು ತಾನೇ ಹಿಡಿದುಕೊಳ್ಳುವ ಯಂತ್ರ. "ಒಂದು ಸಲ ನೋಡ್ತೀನಿ," ಎಂದಳು ಅಕ್ಕ. "ಸರಿಹೋಗ್ಲಿಲ್ಲ ಅಂದ್ರೆ ದೋಣಿ ಹೊರಗೆ." ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ತಪ್ಪಿಗೆ ಜೋಡಿಸುವ ಕೆಲಸ ನನ್ನ ತಲೆಗೆ ಬಂತು.

ಯಂತ್ರಕ್ಕೆ ಚುಕ್ಕಾಣಿ ಎತ್ತ ತಿರುಗಿದೆಯೆಂದು ತಿಳಿಸಲು ಒಂದು ಸೆನ್ಸರ್ ಬೇಕು. ಅಂಗೈಯಗಲದ ಡಬ್ಬಿ, ಅದಕ್ಕೊಂದು ತೋಳು. ಆ ತೋಳನ್ನು ಸರಳಿನಿಂದ ಚುಕ್ಕಾಣಿಗೆ ಕಟ್ಟಬೇಕು. ಅದು ತಿರುಗಿದಷ್ಟು ಇದೂ ತಿರುಗಬೇಕು. ಚುಕ್ಕಾಣಿ ನಟ್ಟನಡುವೆ ನಿಂತಾಗ ಸೆನ್ಸರಿನ ಸೊನ್ನೆಯನ್ನು ಅಲ್ಲಿಗೆ ಕೂರಿಸಿ ಬಿಗಿದರೆ ಮುಗಿಯಿತು; ಆಮೇಲೆ ಯಂತ್ರಕ್ಕೆ ಅದೇ ನೆಟ್ಟಗಿನ ದಾರಿ. ಸೊನ್ನೆಯನ್ನು ಕಂಡುಹಿಡಿದ ದೇಶದವರೆಂದು ಪ್ರತಿ ವರ್ಷ ತರಗತಿಯಲ್ಲಿ ಎದೆಯುಬ್ಬಿಸಿ ಹೇಳುವವನು ನಾನು. ಅದನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬಂದದ್ದು ಅವತ್ತೇ.

ಸ್ಕ್ರೂ ಬಿಗಿಯುವ ಮೊದಲು ಪೂಜೆಯಾಗಬೇಕೆಂದು ಅಕ್ಕ ಹಠ ಹಿಡಿದಳು. ಅರಿಸಿನ ಕುಂಕುಮ, ಕರ್ಪೂರ, ತೆಂಗಿನಕಾಯಿ ಎಲ್ಲ ಆಯಿತು. ಹೊಸ ಗಾಡಿಯಾದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ದೋಣಿಗೆ ಚಕ್ರವೆಲ್ಲಿ? ಅಕ್ಕ ಯೋಚಿಸಿ, ಚುಕ್ಕಾಣಿಯ ಹಿಡಿಯ ಬುಡಕ್ಕೂ ಪಕ್ಕದ ಹಲಗೆಗೂ ನಡುವಿನ ಸಂದಿಗೆ ಹಣ್ಣು ತುರುಕಿ, ಮೇಲೆ ಸೇವಂತಿಗೆ ಹಾರ ಮುಚ್ಚಿದಳು. ನನಗೆ ಕಂಡದ್ದು ಹಾರ ಮಾತ್ರ. ಕೈ ಮುಗಿದು, ಚುಕ್ಕಾಣಿ ನೆಟ್ಟಗಿದೆಯೆಂದು ನಂಬಿ ಸೊನ್ನೆ ಕೂರಿಸಿ ಬಿಗಿದೆ.

ಅಕ್ಕ ದಡದಲ್ಲಿ ನಿಂತಳು. ಭಾವನೂ ನಾನೂ ಹೊರಟೆವು. ಮೊದಲ ತಿರುವಿಗೇ ಹಾರದಡಿಯಿಂದ ಏನೋ ಸಿಡಿದು ನೀರಿಗೆ ಬಿತ್ತು. ಭಾವ ಗುಂಡಿ ಒತ್ತಿ ಕೈ ಬಿಟ್ಟರು. ದೋಣಿ ಸ್ವಲ್ಪ ದೂರ ಹೋಗಿ, ಮೆಲ್ಲಗೆ ಒಂದು ಕಡೆಗೆ ವಾಲುತ್ತ ಬಳಸತೊಡಗಿತು. ನಾನು ಹಲಗೆಯನ್ನು ಅವಚಿಕೊಂಡು ಮನೆದೇವರನ್ನು ನೆನೆದೆ.

"ಏನಯ್ಯಾ ಇದು, ಗಾಣ ಸುತ್ತಿದ ಹಾಗೆ ಸುತ್ತುತ್ತೆ!" ಎಂದರು ಭಾವ. ಅವರ ದನಿ ಕುಸಿದಿತ್ತು. ದೋಣಿ ಅರ್ಧ ಸುತ್ತು ಹಾಕಿ, ಹೊರಟಲ್ಲಿಂದ ಕೊಂಚ ಆಚೆಗೆ, ದಡದ ಕೆಸರಿಗೆ ಮೂತಿ ಊರಿತು. ಅಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿ ಅಲ್ಲಿಗೆ ನಡೆದು ಬಂದಿದ್ದಳು.

ಭಾವ ತಲೆ ತಗ್ಗಿಸಿ ಕೂತರು. ನಾನು ಹಾರ ಸರಿಸಿ ನೋಡಿದೆ. ಹಲಗೆಯ ಮೇಲೆ ನಿಂಬೆರಸ! ಸಂದಿಯಲ್ಲಿದ್ದ ನಿಂಬೆಹಣ್ಣು ಚುಕ್ಕಾಣಿಯನ್ನು ಪಕ್ಕಕ್ಕೆ ತಳ್ಳಿದ್ದಾಗಲೇ ನಾನು ಸೊನ್ನೆ ಕೂರಿಸಿದ್ದೆನೆಂದು ಹೊಳೆಯಿತು. "ಅಕ್ಕಾ, ಸೊನ್ನೆ ಪಕ್ಕಕ್ಕೆ ಹೋಗಿದೆ ಅಷ್ಟೆ. ಈಗ್ಲೇ ಸರಿ ಮಾಡ್ತೀನಿ," ಎಂದೆ.

"ಮುಟ್ಟಬೇಡ ಕಣೋ," ಎಂದಳು ಅಕ್ಕ. "ಇವ್ರು ನೆಟ್ಟಗೆ ಹೋಗಿ ಯಾವ ರಾಜ್ಯ ಗೆಲ್ಲಬೇಕಾಗೈತೆ? ಕೈ ಬಿಟ್ರೂ ದಡಕ್ಕೆ ಬತ್ತದಲ್ಲ, ಅಷ್ಟು ಸಾಕು. ನಾಳೆ ಸಂಜೆಯಿಂದ ಹೋಗ್ಲಿ."

ಭಾವನ ಕಣ್ಣು ತುಂಬಿತು. ದೋಣಿಯನ್ನು ಸರಿಮಾಡಲು ನನಗೆ ಕ್ಷಣ ಸಾಕಿತ್ತು. ಆದರೆ ಅಕ್ಕ ಒಪ್ಪಿದ ಮೇಲೂ ಅದನ್ನು ನೆಟ್ಟಗೆ ಮಾಡುವಷ್ಟು ಭೌತಶಾಸ್ತ್ರ ನಾನು ಓದಿಲ್ಲ. ಸ್ಕ್ರೂಡ್ರೈವರನ್ನು ತೆಪ್ಪಗೆ ಚೀಲಕ್ಕೆ ಹಾಕಿಕೊಂಡೆ.