ಹತ್ತೊಂಬತ್ತನೇ ಪುಟದ ಹಕ್ಕಿ

ವಿಮ್ಮೆರಾದ ಗೋಧಿ ಸೀಮೆಯ ಆ ಊರಿಗೆ ಗ್ರಂಥಾಲಯದ ವ್ಯಾನು ಬರುವುದು ತಿಂಗಳಿಗೊಮ್ಮೆ. ಅದು ಬರುವ ಹಿಂದಿನ ದಿನ ಥೆಲ್ಮಾ ಪ್ಯಾಸ್ಕೋ ತಿಂಗಳಿಡೀ ಓದಿದ ಪುಸ್ತಕಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ನ್ಯಾಯ ತೀರ್ಮಾನಕ್ಕೆ ಕೂರುತ್ತಾಳೆ. ಶಾಲೆಯ ಕ್ಯಾಂಟೀನಿನಲ್ಲಿ ಅರ್ಧ ಆಯುಷ್ಯ ಮಕ್ಕಳನ್ನು ಗದರಿಸಿದ ಬಾಯಿ ಅದು, ಲೇಖಕರನ್ನು ಸುಮ್ಮನೆ ಬಿಟ್ಟೀತೇ? ಗಂಡ ಕ್ಲಾರಿ ಎದುರಿಗೆ ಕೂತು ಬಟಾಣಿ ಸುಲಿಯುತ್ತ ಹೂಂಗುಟ್ಟಬೇಕು.

“ಇದ್ರಲ್ಲಿ ಪಾದ್ರಿ ಸಾಯೋಕೇ ನೂರು ಪುಟ ತಗೊಂಡ. ನಾವಾಗಿದ್ರೆ ಅಷ್ಟೊತ್ತಿಗೆ ಹೂತು ಬಂದು ಟೀ ಕುಡ್ದಿರ್ತಿದ್ವಿ.”

“ಹೂಂ.”

“ಕುರಿ ಉಣ್ಣೆ ಕತ್ತರಿಸೋನ ಪ್ರೇಮಕಥೆಯಂತೆ ಇದು. ಬರೆದ ಮಹಾತಾಯಿ ಕುರೀನೇ ನೋಡಿಲ್ಲ. ಆದ್ರೂ ಎರಡು ಕಡೆ ಅತ್ತೆ, ಸುಳ್ಳ್ಯಾಕೆ ಹೇಳ್ಲಿ.”

ಮೂರನೆಯದು ಅಡುಗೆ ಪುಸ್ತಕ. ಅದಕ್ಕೂ ಬೈಗುಳ ಬಿತ್ತು.

“ಮತ್ತೆ ಆ ನಾಲ್ಕನೇದು?”

ಥೆಲ್ಮಾ ಅದರ ಮೇಲೆ ಅಂಗೈ ಊರಿದಳು.

ಓದಿದ್ದನ್ನೇ ಮತ್ತೆ ಹೊತ್ತು ತರಬಾರದೆಂದು ಆ ಸೀಮೆಯ ಓದುಗರು ಪುಸ್ತಕದೊಳಗೆ ಎಲ್ಲಾದರೂ ಕಳ್ಳ ಗುರುತು ಹಾಕಿಡುತ್ತಾರೆ. ಥೆಲ್ಮಾಳದು ಹತ್ತೊಂಬತ್ತನೇ ಪುಟದ ಮೂಲೆಯಲ್ಲಿ ಪೆನ್ಸಿಲಿನ ಪುಟ್ಟ ಹಕ್ಕಿ. ಹೋದ ವಾರ ಆ ಕೊಲೆ ಕಾದಂಬರಿ ತೆರೆದರೆ ಹಕ್ಕಿ ಕೂತಿತ್ತು! ಅವಳದೇ ಕೈ, ಅನುಮಾನವೇ ಇಲ್ಲ. ಆದರೆ ಕಥೆಯ ಒಂದು ಸಾಲೂ ನೆನಪಿಲ್ಲ. ಅವಳ ತಾಯಿಗೂ ಹೀಗೇ ಶುರುವಾಗಿತ್ತಲ್ಲ, ಮೊದಲು ಒಲೆ ಆರಿಸುವುದನ್ನು ಮರೆತಳು, ಕೊನೆಗೆ ವೃದ್ಧಾಶ್ರಮದ ಹಾಸಿಗೆಯಲ್ಲಿ ಮಗಳನ್ನೇ “ನೀವ್ಯಾರಮ್ಮಾ?” ಎಂದು ಕೇಳಿದಳು. ತನಗೂ ಅದೇ ಗತಿಯೇ? ಅಂದಿನಿಂದ ಥೆಲ್ಮಾ ಬೆಳಿಗ್ಗೆ ಎದ್ದೊಡನೆ ಮೊಮ್ಮಕ್ಕಳ ಹೆಸರುಗಳನ್ನು ಒಬ್ಬಳೇ ಗುನುಗಿ ನೋಡಿಕೊಳ್ಳುತ್ತಿದ್ದಳು. ಕ್ಲಾರಿಗೆ ಹೇಳಿರಲಿಲ್ಲ.

“ಏನೇ, ನಾಲಗೆ ಬಿದ್ಹೋಯ್ತಾ?” ಎಂದ ಕ್ಲಾರಿ.

“ಇದನ್ನ ನಾನು ಓದಿದೀನಿ ಕಣೋ. ನನ್ನ ಗುರುತಿದೆ. ಒಂದಕ್ಷರ ನೆನಪಿಲ್ಲ. ನಾನೂ ಅಮ್ಮನ ಥರಾನೇ ಆಗ್ತಿದೀನಿ.” ಹೇಳುತ್ತಲೇ ಅಳು ಬಂತು.

ಕ್ಲಾರಿ ಕೈ ಒರೆಸಿಕೊಂಡು ರಟ್ಟು ನೋಡಿದ. “ಇದಾ? ಅಯ್ಯೋ ನಿನ್ನ! ದನದ ಡಾಕ್ಟ್ರೇ ಕೊಂದಿದ್ದು. ಇದನ್ನ ನೀನೆಲ್ಲಿ ಓದಿದೆ? ನಿಮ್ಮಮ್ಮಂಗೆ ನೀನು ಓದಿ ಹೇಳಿದ್ದು, ಆ ಕೊನೇ ತಿಂಗಳು, ದಿನಾ ಮಧ್ಯಾಹ್ನ. ನಿನ್ನ ಬಾಯಿ ಓದ್ತಿತ್ತು, ಜೀವ ಎಲ್ಲಾ ಅವರ ಉಸಿರಿನ ಮೇಲಿತ್ತು. ಕಥೆ ಕೇಳಿಸ್ಕೊಂಡಿದ್ದು ನಾನೊಬ್ನೇ.”

ಥೆಲ್ಮಾಳಿಗೆ ಹೋದ ಜೀವ ಬಂದಂತಾಯಿತು. ಆ ಮಂಚ, ಅಮ್ಮನ ಒಣಗಿದ ತುಟಿ ಎಲ್ಲ ನೆನಪಿಗೆ ಬಂದವು. ಬೆನ್ನಿಗೇ ಹಳೆಯ ಸಂಕಟವೂ ಬಂತು. “ಅಷ್ಟು ಓದಿದ್ದೂ ದಂಡ. ನಾನ್ಯಾರು ಅಂತ್ಲೇ ಗೊತ್ತಾಗ್ಲಿಲ್ಲ ಅವಳಿಗೆ.”

ಕ್ಲಾರಿ ಬಟಾಣಿ ಸಿಪ್ಪೆಗಳನ್ನು ಒಟ್ಟುಮಾಡಿದ. “ಒಂದಿನ ನೀನು ಟೀ ತರೋಕೆ ಆಚೆ ಹೋಗಿದ್ದೆ. ಅತ್ತೆ ನನ್ನ ತೋಳು ಹಿಡ್ಕೊಂಡ್ರು. ‘ಆ ಹೆಂಗಸು ಎಷ್ಟು ಚೆನ್ನಾಗಿ ಓದ್ತಾಳಪ್ಪಾ! ಅವಳನ್ನ ನಮ್ಮ ಥೆಲ್ಮಾಗೆ ಪರಿಚಯ ಮಾಡ್ಸು. ನನ್ನ ಮಗಳಿಗೆ ಓದೋದು ಅಂದ್ರೆ ಪ್ರಾಣ, ಇಬ್ರಿಗೂ ಚೆನ್ನಾಗಿ ಹೊಂದುತ್ತೆ’ ಅಂದ್ರು. ನೀನು ಅಳ್ತೀಯ ಅಂತ ಹೇಳಿರ್ಲಿಲ್ಲ.”

ಅತ್ತಳು ಮತ್ತೆ, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು. “ಇಷ್ಟು ವರ್ಷ ಬಚ್ಚಿಟ್ಟಿದ್ದೀಯಲ್ಲೋ, ಪಾಪಿ,” ಎಂದಳು. ಆಮೇಲೆ ಕನ್ನಡಕ ಒರೆಸಿಕೊಂಡು, ಪುಸ್ತಕವನ್ನು ಎಳೆದುಕೊಂಡು, ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು.