ಉಜ್ಜಲು ಒಪ್ಪದ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಹಿಳಾ ವಾರ್ಡಿನ ಮೂಲೆಯ ಹಾಸಿಗೆಯಲ್ಲಿರುವ ಹಿರಿಯಾಕೆಯನ್ನು ದಾದಿ ಮೆಲ್ಲಗೆ ಮಗ್ಗುಲಿಗೆ ಹೊರಳಿಸುತ್ತಾರೆ. ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗಿದೆ. ಬೆರಳಿನಿಂದ ಒತ್ತಿದರೂ ಕೆಂಪು ಮಾಸುವುದಿಲ್ಲ. ಮಲಗಿದ್ದಲ್ಲೇ ಮಲಗಿ ಆಗುವ ಹುಣ್ಣು ಬಾಯಿಬಿಡುವ ಮುಂಚಿನ ಲಕ್ಷಣ ಇದು.

"ಎಣ್ಣೆ ಹಾಕಿ ಉಜ್ಜೇ," ಎನ್ನುತ್ತಾರೆ ಹಿರಿಯಾಕೆ.

"ಉಜ್ಜಲ್ಲ ಅಕ್ಕ."

"ನಾನೇ ಕಲಿಸಿದ ಕೆಲಸ ನನಗೇ ಮಾಡಲ್ವಾ? ಭಲೇ!"

ಹೌದು, ಅವರೇ ಕಲಿಸಿದ್ದು. ಇದೇ ವಾರ್ಡಿನ ಮುಖ್ಯ ದಾದಿಯಾಗಿದ್ದವರು ಅವರು. ಕೆಂಪಾದ ಜಾಗ ಉಜ್ಜಿದರೆ ರಕ್ತ ಓಡಾಡುತ್ತದೆ ಎಂದು ಬಂದವರಿಗೆಲ್ಲ ಹೇಳಿಕೊಟ್ಟವರು. ಈಗ ಪಾರ್ಶ್ವವಾಯು ಬಡಿದು ಒಂದು ಮಗ್ಗುಲು ಸೋತಿದೆ. ಮಾತು ಮಾತ್ರ ಹಾಗೇ ಇದೆ.

ಶಿಷ್ಯೆಗೆ ಆರೈಕೆಯ ಜೊತೆಗೆ ಇನ್ನೊಂದು ಕೆಲಸವಿದೆ. ವಾರ್ಡಿನ ಪ್ರತಿಯೊಂದು ಪದ್ಧತಿಯ ಹಿಂದಿರುವ ಸಂಶೋಧನೆ ಎಷ್ಟು ಗಟ್ಟಿ ಎಂದು ತೂಗಿ ನೋಡುವುದು. ಇದಕ್ಕೆ ಬೇರೆ ಕೋಣೆಯಿಲ್ಲ, ಬಿರುದಂತೂ ಇಲ್ಲವೇ ಇಲ್ಲ. ಔಷಧದ ಕಪಾಟಿನ ಪಕ್ಕ ಒಂದು ಕುರ್ಚಿ, ಹಳೆಯ ಕಂಪ್ಯೂಟರ್, ಸಹೋದ್ಯೋಗಿಗಳು ಇಟ್ಟ ಹೆಸರು: ಪುರಾವೆಯಮ್ಮ.

ಸಂಶೋಧನಾ ಲೇಖನವನ್ನು ಈ ದಾದಿ ಕೊನೆಯ ಪುಟದಿಂದ ಓದುತ್ತಾರೆ. "ಖರ್ಚು ಕೊಟ್ಟೋರು ಯಾರು ಅಂತ ಕೊನೇಲಿರುತ್ತೆ. ಆಮೇಲೆ ಎಷ್ಟು ಜನರ ಮೇಲೆ ನೋಡಿದ್ರು, ಯಾರ ಜೊತೆ ಹೋಲಿಸಿದ್ರು ಅಂತ. ಮೊದಲನೇ ಪುಟ ಎಲ್ಲರದ್ದೂ ಚೆಂದಾನೇ ಇರುತ್ತೆ ಬಿಡಿ!"

"ಟೀವಿ ಜಾಹೀರಾತನ್ನೂ ನೆಮ್ಮದಿಯಾಗಿ ನೋಡೋಕೆ ಬಿಡಲ್ಲ ಇವ್ಳು," ಎನ್ನುವುದು ದಾದಿಯ ಪತಿಯ ದೂರು.

ಆದರೆ ಹಿರಿಯಾಕೆ ಮುನಿಸಿಕೊಂಡಿದ್ದಾರೆ. ಬೇರೆ ದಾದಿಯರನ್ನು ಕರೆದು ಉಜ್ಜಿಸಿಕೊಳ್ಳಲೂ ನೋಡಿದ್ದಾರೆ. "ಬೈದ್ರೆ ಬೈಲಿ. ಅವ್ರಿಲ್ದಿದ್ರೆ ನಾನು ಈ ಕೆಲಸದಲ್ಲೇ ಇರ್ತಿರಲಿಲ್ಲ. ಅವ್ರಿಗೆ ನನ್ನ ಕೈಯಾರೆ ಹುಣ್ಣು ಮಾಡ್ಲಾ?" ಎನ್ನುತ್ತಾರೆ ದಾದಿ.

ಇಂದು ದಾದಿ ಹಾಸಿಗೆಯ ಪಕ್ಕ ಕೂತು ಬಿಡಿಸಿ ಹೇಳುತ್ತಾರೆ. ಆ ಜಾಗದ ಸಣ್ಣ ರಕ್ತನಾಳಗಳು ಮೊದಲೇ ನೊಂದಿರುತ್ತವೆ, ಉಜ್ಜಿದರೆ ಇನ್ನಷ್ಟು ಕೆಡಬಹುದು, ಅಲ್ಲಿ ಭಾರ ಬೀಳದಂತೆ ನೋಡಿಕೊಳ್ಳಬೇಕು.

"ಹಾಗಾದ್ರೆ ನಾನು ಉಜ್ಜಿದೋರಿಗೆಲ್ಲ ನಾನೇ ಹುಣ್ಣು ಮಾಡಿದ್ನಾ?"

'ಇಲ್ಲ' ಎಂದುಬಿಡುವುದು ಎಷ್ಟು ಸುಲಭ! ಇದನ್ನು ಬರೆಯುತ್ತಿರುವ ನಾನಾಗಿದ್ದರೆ ಹಾಗೇ ಹೇಳಿ ಜಾರಿಕೊಳ್ಳುತ್ತಿದ್ದೆ.

"ಗೊತ್ತಿಲ್ಲ ಅಕ್ಕ," ಎನ್ನುತ್ತಾರೆ ದಾದಿ. "ಇರೋ ಅಧ್ಯಯನಗಳೆಲ್ಲ ಸಣ್ಣವು. ಮಾಡಿದ್ರಿ ಅಂತ ಹೇಳೋಕಾಗಲ್ಲ, ಮಾಡಿಲ್ಲ ಅಂತಲೂ ಹೇಳೋಕಾಗಲ್ಲ. ಉಜ್ಜಿದ್ರೆ ಒಳ್ಳೇದು ಅನ್ನೋಕೆ ಆಧಾರ ಇಲ್ಲ, ಕೆಟ್ಟದಾಗಬಹುದು ಅನ್ನೋ ಅನುಮಾನ ಇದೆ. ಅಷ್ಟೇ ನನಗೆ ಗೊತ್ತಿರೋದು."

ಹಿರಿಯಾಕೆಯ ಕಣ್ಣಿನಿಂದ ನೀರಿಳಿಯುತ್ತದೆ. ದಾದಿ ಒರೆಸುತ್ತಾರೆ. ಸ್ವಲ್ಪ ಹೊತ್ತಿಗೆ ಮುಖ್ಯ ದಾದಿಯ ಹಳೆಯ ಗದರು ದನಿ ಕೇಳಿಸುತ್ತದೆ.

"ಅಳೋದನ್ನ ಆಮೇಲೆ ನೋಡ್ಕೊಳ್ಳೋಣ. ಹೊಸ ಹುಡುಗೀರ್ನೆಲ್ಲ ಕರಿ. ಉಜ್ಜಬೇಡಿ ಅನ್ನೋದನ್ನ ನನ್ನ ಬಾಯಿಂದಲೇ ಕೇಳ್ಲಿ."